ಒಂಬತ್ತನೇ ‘ಬಿ’ಗೆ ಶುಡ್ ಕಲಿಸಿದ್ದು

ಶಿಡ್ಲಘಟ್ಟದ ಹೈಸ್ಕೂಲು, ಊಟದ ನಂತರದ ಪೀರಿಯಡ್ಡು.
ಕಿಟಕಿಯಾಚೆ ರೀಲಿಂಗ್ ಮನೆಗಳ ಹೊಗೆ,
ಬೆಂದ ಗೂಡಿನ ವಾಸನೆ.
ಹೊಸಬರು ಮೂಗು ಮುಚ್ಚುತ್ತಾರೆ,
ಇಲ್ಲಿ ಹುಟ್ಟಿದವರಿಗೆ ಅದು ಬರೀ ಗಾಳಿ.
ಹನ್ನೊಂದು ವರ್ಷವಾಯಿತು, ಈಗ ನನಗೂ ಗಾಳಿಯೇ.

ಬೋರ್ಡಿನ ಮೇಲೆ ಬರೆದೆ: ಶುಡ್, ಮಸ್ಟ್, ಕುಡ್, ಮೈಟ್.
ಶುಡ್‌ನಲ್ಲಿ ಒಂದು ಎಲ್ ಇದೆ, ಬಾಯಲ್ಲಿ ಮಾತ್ರ ಇಲ್ಲ ಎಂದೆ.
“ಮತ್ತ್ಯಾಕೆ ಮೇಡಂ ಇಟ್ಕೊಂಡಿದಾರೆ?” ದ್ಯಾವಪ್ಪ ಕೇಳಿದ.
ಕೆಲವರ ಹೆಸರು ರೇಷನ್ ಕಾರ್ಡಿನಲ್ಲಿರುತ್ತದೆ,
ಮನೆಯಲ್ಲಿ ಯಾರೂ ಕೂಗುವುದಿಲ್ಲ, ಹಾಗೆ ಅಂದೆ.
ನಕ್ಕರು.
ನಗಿಸಬೇಕೆಂದು ಹೇಳಿದ್ದಲ್ಲ.

ಕನ್ನಡದಲ್ಲಿ ಮೊದಲು ಕೆಲಸ, ಆಮೇಲೆ ಅದರ ಬಾಲ.
ಹೋಗ ಬೇಕು, ಹೋಗ ಬಹುದು, ಹೋಗ ಬಾರದು—
ಕೊನೆಯವರೆಗೂ ಕೇಳಿಸಿಕೊಂಡರೇನೇ
ಅಪ್ಪಣೆಯೋ ಅಡ್ಡಿಯೋ ತಿಳಿಯುವುದು.
ಇಂಗ್ಲಿಷಿನಲ್ಲಿ ಆ ಪದ ಮುಂದೆ ನಿಲ್ಲುತ್ತದೆ,
ಗೂಡಿನ ಮಾರುಕಟ್ಟೆಯ ಗೇಟಿನವನ ಹಾಗೆ.
ಅವನನ್ನು ದಾಟಿಯೇ ಕ್ರಿಯಾಪದ ಒಳಗೆ ಬರಬೇಕು,
ಚಪ್ಪಲಿಯಂತೆ ‘ಟು’ವನ್ನು ಹೊರಗೇ ಬಿಟ್ಟು.

ಆಗ ಹಿಂದಿನ ಬೆಂಚಿನಿಂದ ಗುಲ್ನಾಜ್:
“ಬೇಕು ಅಂದ್ರೆ ವಾಂಟ್ ಅಲ್ವಾ ಮೇಡಂ?
ನೀರು ಬೇಕು, ಓದ್ಬೇಕು, ಎರಡಕ್ಕೂ ಒಂದೇ.
ನಮ್ಮನೆ ಉರ್ದೂಲೂ ಅಷ್ಟೇ—
ಪಾನಿ ಹೋನಾ, ಪಢ್ನಾ ಹೋನಾ.”
“ತೆಲುಗಲ್ಲೂ!” ಬಾಗೇಪಲ್ಲಿ ಕಡೆಯ ಗಂಗರತ್ನ,
“ನೀಳ್ಳು ಕಾವಾಲ, ಚದವಾಲ.”

ಚಾಕ್‌ಪೀಸ್ ಹಿಡಿದು ನಿಂತೇ ಇದ್ದೆ.
ಈ ಊರಿನ ಮೂರು ಭಾಷೆಯೂ ಮಾತಾಡಿಕೊಂಡ ಹಾಗೆ
ಆಸೆಗೂ ಅಪ್ಪಣೆಗೂ ಒಂದೇ ಅಳತೆಯ ಅಂಗಿ ಹೊಲಿದಿವೆ.
ಅದಕ್ಕೇ ಇರಬಹುದು,
ನೀನು ಹೀಗೆ ಮಾಡಬೇಕು ಎಂದು ಅಮ್ಮ ಅಂದಾಗಲೆಲ್ಲ
ಯಾರಿಗೆ ಬೇಕು ಅದು
ಎಂದು ನಾನು ಕೇಳದೇ ಹೋದದ್ದು.

ಚೀಟಿ ಬರೆಯಿರಿ ಎಂದೆ. ಒಂದು ಕಷ್ಟ. ಹೆಸರು ಬೇಡ.
ಟಿಫಿನ್ ಡಬ್ಬಿಯಲ್ಲಿ ಕುಲುಕಿ ಹಂಚಿದೆ.
ನಮ್ಮಣ್ಣ ಗೊರಕೆ ಹೊಡೀತಾನೆ—
ಯೂ ಶುಡ್ ಸ್ಲೀಪ್ ಫಸ್ಟ್.
ಲೆಕ್ಕದ ಸರ್ ಅಂದ್ರೆ ಭಯ—
ಯೂ ಮಸ್ಟ್ ಸಿಟ್ ಬಿಹೈಂಡ್ ಮುನಿನಂಜ.
(ಅವನು ಕ್ಲಾಸಿಗೇ ಎತ್ತರ. ಎದ್ದು ಕೈ ಮುಗಿದ.)
ಬೆಳಿಗ್ಗೆ ಬಿಸಿನೀರಲ್ಲಿ ಎಳೆ ಹುಡುಕಿ ಹುಡುಕಿ
ಬೆರಳು ಸುಲಿದಿದೆ, ಪೆನ್ನು ಜಾರುತ್ತೆ—
ಕೊಬ್ಬರಿ ಎಣ್ಣೆ ಅಂದರು, ಅರಿಶಿನ ಅಂದರು,
ಶುಡ್ ಹಾಕುವುದನ್ನೇ ಮರೆತರು.
ಒಬ್ಬರಲ್ಲ, ಆರೇಳು ಜನ
ಕೈಯನ್ನು ಮೆಲ್ಲಗೆ ಡೆಸ್ಕಿನ ಕೆಳಗೆ ಸರಿಸಿಕೊಂಡರು.
ನಾನು ಕಿಟಕಿಯ ಕಡೆ ನೋಡಿದೆ.

ಆ ಡಬ್ಬಿಯಲ್ಲಿ ನನ್ನದೂ ಒಂದು ಚೀಟಿ ಇತ್ತು,
ಎಡಗೈಯಲ್ಲಿ ಬರೆದದ್ದು:
ಅಕ್ಕನ ಜೊತೆ ಮಾತು ಬಿಟ್ಟು ಎರಡು ವರ್ಷ. ತಪ್ಪು ಅವಳದು.
ಅದು ದ್ಯಾವಪ್ಪನಿಗೇ ಹೋಗಬೇಕೆ!
ತಿರುಗಿಸಿ ನೋಡಿದ, ಬೆಳಕಿಗೆ ಹಿಡಿದ, ಎದ್ದು ನಿಂತ.
“ಯೂ ಶುಡ್ ಫೋನ್ ಟು ಹರ್... ಮೇಡಂ.”
ಮೇಡಂ ಯಾಕೋ, ಎಂದೆ.
“ಕೆಂಪು ಇಂಕು ಇನ್ಯಾರ ಹತ್ರ ಇದೆ ಮೇಡಂ?”

ನಗಲೋ ಬೇಡವೋ ಎಂದು ನಲವತ್ತೊಂದು ಮುಖ.
ಗುಲ್ನಾಜ್ ಅವನ ಅಂಗಿ ಜಗ್ಗಿದಳು:
“ಶುಡ್ ಜೋರಾಯ್ತು ಕಣೋ, ದೊಡ್ಡೋರಿಗೆ ಕುಡ್ ಅನ್ನು.”
ಯೂ ಕುಡ್ ಫೋನ್ ಟು ಹರ್, ತಿದ್ದಿಕೊಂಡ.
ಆ ವ್ಯತ್ಯಾಸ ಗುರುವಾರದ ಪಾಠವಾಗಿತ್ತು.
ಅಲ್ಲಿ ಟು ಬರಬಾರದು ಅನ್ನುವುದನ್ನು
ನಾನು ಹೇಳಲಿಲ್ಲ.

ಬೆಲ್ ಆಯಿತು.
ಚಿಂತಾಮಣಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು,
ಮಡಿಲಲ್ಲಿ ನೋಟ್‌ಬುಕ್ಕುಗಳ ಕಟ್ಟು,
ಅದರ ಮೇಲೆ ಮೊಬೈಲು.
ಫೋನು ಮಾಡಬೇಕು.
ಯಾವ ಬೇಕು ಮೇಡಂ ಎಂದು ಗುಲ್ನಾಜ್ ಕೇಳಿದರೆ
ಉತ್ತರ ನನಗಿನ್ನೂ ಬರುವುದಿಲ್ಲ.